ಡ್ರೈವಿಂಗ್ ಮೇಷ್ಟ್ರ ನಾಯಿಕೆಮ್ಮು

ಒಂಟಿಯಾಗಿರುವವನಿಗೆ ಕಾಯಿಲೆ ಬಂದರೆ ನಗುವಂಥ ಸಂಗತಿಗಳು ಒಂದರ ಹಿಂದೆ ಒಂದು ನಡೆಯುತ್ತಲೇ ಇರುತ್ತವೆ. ಪಕ್ಕದಲ್ಲಿ ಕೂತು ನಗುವುದಕ್ಕೆ ಯಾರೂ ಇರುವುದಿಲ್ಲ, ಅಷ್ಟೆ. ಅದಕ್ಕೇ ಈಗ ನಿಮಗೆ ಹೇಳುತ್ತಿದ್ದೇನೆ.

ನಾನು ತುಮಕೂರಿನ ಬಟವಾಡಿಯಲ್ಲಿ ಕಾರು ಓಡಿಸುವುದನ್ನು ಕಲಿಸುವ ಮೇಷ್ಟ್ರು. ನಮ್ಮ ಡ್ರೈವಿಂಗ್ ಸ್ಕೂಲು ಅಂದರೆ ಒಂದು ಶೆಟರ್ ಅಂಗಡಿ, ಹಳೇ ಕಾರುಗಳು, ಗೋಡೆಯ ಮೇಲೆ ಟ್ರಾಫಿಕ್ ಚಿಹ್ನೆಗಳ ಒಂದು ಚಾರ್ಟು. ಗುಬ್ಬಿಯಲ್ಲೂ ಒಂದು ಕಾರು ಇಟ್ಟಿದ್ದೇವೆ, ವಾರದಲ್ಲಿ ಕೆಲವು ದಿನ ಬಸ್ಸಿನಲ್ಲಿ ಅಲ್ಲಿಗೂ ಹೋಗಿ ಕಲಿಸುತ್ತೇನೆ. ಹೆಂಡತಿ ತೀರಿಕೊಂಡ ಮೇಲೆ ದೊಡ್ಡ ಮನೆ ಯಾಕೆ ಅಂತ ಬಿಟ್ಟು, ಅಂಗಡಿಗೆ ಹತ್ತಿರದಲ್ಲಿ ಒಂದು ಮಹಡಿ ರೂಮು ಹಿಡಿದೆ. ಮಕ್ಕಳಿಲ್ಲ. ನನ್ನವರು ಅಂದರೆ ಕುಣಿಗಲ್ಲಿನಲ್ಲಿರುವ ಅಕ್ಕ, ಅವಳ ಮಗಳು. ದಿನವಿಡೀ ನನ್ನ ಪಕ್ಕದ ಸೀಟಿನಲ್ಲಿ ಯಾರಾದರೂ ಕೂತೇ ಇರುತ್ತಾರೆ. ಆದರೆ ಅವರು ರಸ್ತೆ ನೋಡುತ್ತಿರುತ್ತಾರೆ, ನನ್ನನ್ನಲ್ಲ.

ಕೆಮ್ಮು ಶುರುವಾಗಿದ್ದು ಮಾಮೂಲಿ ನೆಗಡಿಯ ಹಾಗೆ. ನೆಗಡಿ ಹೋಯಿತು, ಕೆಮ್ಮು ಉಳಿದುಕೊಂಡಿತು. ಅದೂ ಎಂಥ ಕೆಮ್ಮು ಅಂದರೆ, ಇಡೀ ಹೊತ್ತು ಇರುತ್ತಿರಲಿಲ್ಲ. ಚೆನ್ನಾಗಿ ಮಾತಾಡುತ್ತಿರುವಾಗಲೇ ಒಂದು ಅಲೆ ಬರೋದು. ಉಸಿರು ಎಳೆದುಕೊಳ್ಳುವುದಕ್ಕೂ ಬಿಡದೆ ಕೆಮ್ಮಿಸಿ ಕೆಮ್ಮಿಸಿ, ಮುಖ ಕೆಂಪಗೆ ಮಾಡಿ, ಕಣ್ಣಲ್ಲಿ ನೀರು ತರಿಸಿ, ಕೊನೆಗೆ ತಿಂದದ್ದನ್ನೆಲ್ಲ ಕಕ್ಕಿಸಿ ಹೋಗೋದು. ಆಮೇಲೆ ಏನೂ ಆಗದವನ ಹಾಗೆ ನಾನು ಚೆನ್ನಾಗೇ ಇರುತ್ತಿದ್ದೆ. ಕ್ಲಿನಿಕ್ಕಿಗೆ ಹೋದರೆ ಅಲ್ಲಿ ಮಾತ್ರ ಒಂದು ಸಲವೂ ಬರುತ್ತಿರಲಿಲ್ಲ. ಒಬ್ಬ ಡಾಕ್ಟರು ಅಲರ್ಜಿ ಅಂದರು. ಇನ್ನೊಬ್ಬರು ಗ್ಯಾಸ್ಟ್ರಿಕ್ ಅಂತ ಹೇಳಿ ಬೆಳಿಗ್ಗೆ ಖಾಲಿ ಹೊಟ್ಟೆಗೆ ಮಾತ್ರೆ ಕೊಟ್ಟರು. ಎಕ್ಸ್-ರೇ ತೆಗೆಸಿದೆ, ಕಫ ಪರೀಕ್ಷೆಗೆ ಕೊಟ್ಟೆ. ಎಲ್ಲಾ ನಾರ್ಮಲ್. ನಾರ್ಮಲ್ ಅನ್ನೋ ರಿಪೋರ್ಟು ಕೈಯಲ್ಲಿ ಹಿಡಿದುಕೊಂಡು ಆಸ್ಪತ್ರೆ ಮೆಟ್ಟಿಲ ಮೇಲೆ ಕೂತು ಕೆಮ್ಮಿದೆ.

ಬ್ರೇಕು

ಆಗ ನನ್ನ ಹತ್ತಿರ ಕ್ಯಾತ್ಸಂದ್ರದ ಕಡೆಯಿಂದ ಒಬ್ಬರು ರಿಟೈರ್ಡ್ ಹೆಡ್‌ಮೇಡಂ ಕಲಿಯಲು ಬರುತ್ತಿದ್ದರು. ಬಹಳ ಶಿಸ್ತು. ಸೀಟಿನಲ್ಲಿ ಕೂತರೆ ಬೆನ್ನು ಒರಗಿಸುತ್ತಿರಲಿಲ್ಲ. ಮೊದಲನೇ ದಿನವೇ ಅವರಿಗೆ ಒಂದು ಮಾತು ಹೇಳಿದ್ದೆ: ನಾನು ಏನಾದರೂ ಸದ್ದು ಮಾಡಿದರೆ ಮೊದಲು ಬ್ರೇಕ್ ಹಾಕಿ, ಕಾರಣ ಆಮೇಲೆ ಕೇಳಿ.

ಹೈವೇ ಪಕ್ಕದ ಸರ್ವಿಸ್ ರಸ್ತೆಯಲ್ಲಿ ಹೋಗುತ್ತಿದ್ದಾಗ ನನಗೆ ಕೆಮ್ಮು ಬಂತು. ಕಾರು ಗಕ್ಕನೆ ನಿಂತಿತು. ಹಿಂದಿನ ಆಟೋದವನು ಬಂದು ಇಬ್ಬರಿಗೂ ಸೇರಿಸಿ ಬೈದು ಹೋದ. ನಾನು ಸಾವರಿಸಿಕೊಂಡು ಹೊರಡಿ ಅಂದೆ. ಸ್ವಲ್ಪ ದೂರಕ್ಕೆ ಮತ್ತೆ ಕೆಮ್ಮು, ಮತ್ತೆ ಬ್ರೇಕು. ಇದು ಕಾಯಿಲೆ ಕೆಮ್ಮು ಮೇಡಂ, ಇದಕ್ಕೆಲ್ಲ ನಿಲ್ಲಿಸಬೇಡಿ ಅಂತ ಕೇಳಿಕೊಂಡೆ. ಯಾವುದು ಕಾಯಿಲೆದು, ಯಾವುದು ಪಾಠದ್ದು ಅಂತ ನನಗೆ ಹೆಂಗೆ ಗೊತ್ತಾಗಬೇಕು, ಎರಡಕ್ಕೂ ನಿಲ್ಲಿಸೋದೇ ಒಳ್ಳೇದು ಅಂದರು. ನ್ಯಾಯವಾದ ಮಾತೇ. ಹಾಗೇ ಕಲಿತರು.

ಲೈಸೆನ್ಸ್ ಟೆಸ್ಟಿನ ದಿನ ಅವರ ಪಕ್ಕ ಕೂತವರು ಇನ್ಸ್‌ಪೆಕ್ಟರು. ಅವರಿಗೆ ಮಾತು ಶುರು ಮಾಡುವ ಮೊದಲು ಗಂಟಲು ಸರಿಮಾಡಿಕೊಳ್ಳುವ ಅಭ್ಯಾಸ. ಎಡಕ್ಕೆ ತಿರುಗಿಸಿ ಅನ್ನೋದಕ್ಕೆ ಮೊದಲು ಒಂದು ಸಲ, ಬಲಕ್ಕೆ ಅನ್ನೋದಕ್ಕೆ ಮೊದಲು ಒಂದು ಸಲ. ಪ್ರತಿ ಸಲವೂ ಕಾರು ನಿಂತಿತು. ನಾನು ಮೈದಾನದ ಈ ತುದಿಯಲ್ಲಿ ನಿಂತು, ಕೆಟ್ಟಿತು ಕೆಲಸ ಅಂದುಕೊಂಡೆ. ಇನ್ಸ್‌ಪೆಕ್ಟರು ಇಳಿದು ಬಂದವರು ನನ್ನನ್ನು ಕರೆದು ಹೇಳಿದರು:

"ಚೆನ್ನಾಗ್ ಕಲ್ಸಿದೀರಿ ಕಣ್ರೀ. ನಾನು ಬಾಯಿ ಬಿಡೋಕ್ ಮುಂಚೆನೇ ಅಲರ್ಟ್ ಆಗ್ತಾರೆ."

ಮೂರು ಟಿಕೆಟ್ಟು

ಗುಬ್ಬಿ ಬಸ್ಸಿನಲ್ಲಿ ಈಗ ಸೀಟು ಸಿಗುವುದು ಅಂದರೆ ಪುಣ್ಯ. ಹೆಂಗಸರು, ಕಾಲೇಜು ಮಕ್ಕಳು, ಮೂಟೆಗಳು. ಆದರೆ ಆ ದಿನಗಳಲ್ಲಿ ನನಗೆ ಸೀಟಿನ ಚಿಂತೆ ಇರಲಿಲ್ಲ. ಮಾಸ್ಕ್ ಹಾಕಿಕೊಂಡು ನಿಂತುಕೊಂಡೇ ಹೊರಟರೂ, ಒಂದು ಸಲ ಕೆಮ್ಮಿದರೆ ಮೂರು ಜನರ ಸೀಟು ತಾನಾಗಿ ಖಾಲಿಯಾಗುತ್ತಿತ್ತು. ಕೊರೋನಾ ಬಂದು ಹೋದ ಮೇಲೆ ಜನಕ್ಕೆ ಕೆಮ್ಮಿನ ಸದ್ದು ಕೇಳಿದರೆ ಕಾಲು ತಾನೇ ಎದ್ದುಬಿಡುತ್ತದೆ. ಬಾಯಲ್ಲಿ ಏನೂ ಅನ್ನುವುದಿಲ್ಲ. ಬ್ಯಾಗು ಎತ್ತಿಕೊಳ್ಳುತ್ತಾರೆ, ಇಳಿಯುವ ಜಾಗ ಬಂತೇನೋ ಅನ್ನುವ ಹಾಗೆ ಎದ್ದು ಹೋಗಿ ಮುಂದೆ ನಿಂತುಕೊಳ್ಳುತ್ತಾರೆ. ನಾನು ಕಿಟಕಿ ಕಡೆ ತಿರುಗಿ ಕೂರುತ್ತಿದ್ದೆ. ಅಷ್ಟು ತುಂಬಿದ ಬಸ್ಸಿನಲ್ಲಿ ನನ್ನ ಪಕ್ಕ ಎರಡು ಸೀಟು ಖಾಲಿ. ಆ ಜಾಗ ನೋಡಿಕೊಂಡು ಊರು ತಲುಪುವುದು ಕಷ್ಟದ ಕೆಲಸ.

ಒಂದು ದಿನ ಕಂಡಕ್ಟರು ಬಂದು, ಏನಣ್ಣ, ಮೂರು ಟಿಕೆಟ್ ಹರೀಲಾ ಅಂದ. ಸುತ್ತ ನಿಂತಿದ್ದವರು ನಕ್ಕರು. ನಾನೂ ನಕ್ಕೆ. ನಕ್ಕಿದ್ದಕ್ಕೆ ಮತ್ತೆ ಕೆಮ್ಮು ಬಂತು, ನಿಂತಿದ್ದವರು ಇನ್ನೂ ಹಿಂದಕ್ಕೆ ಸರಿದರು.

ಹೆಗ್ಗೆರೆಯಲ್ಲಿ ಒಬ್ಬ ಮುದುಕ ಹತ್ತಿದ. ಬಿಳೀ ಪಂಚೆ, ಕಂಕುಳಲ್ಲಿ ಛತ್ರಿ. ಸೀದಾ ಬಂದು ನನ್ನ ಮೈಗೆ ತಾಗುವ ಹಾಗೆ ಕೂತ. ನಾನು, ಕೆಮ್ಮು ಜಾಸ್ತಿ ಇದೆ ಅಜ್ಜ, ಬೇರೆ ಕಡೆ ಕೂತ್ಕೊಳ್ಳಿ ಅಂದೆ. ಅವನು ಅಲ್ಲಾಡಲಿಲ್ಲ.

"ಬುಡಪ್ಪ. ಮನೇಲಿ ನಾನೊಬ್ನೇ ಇರದು. ಪಕ್ಕದಾಗೆ ಯಾರಾದ್ರೂ ಕೆಮ್ತಿದ್ರೆ ಜನ ಅವ್ರೆ ಅನ್ನಿಸ್ತದೆ."

ಅವನನ್ನು ಒಂದು ಸೀಟು ಆಚೆಗಾದರೂ ಸರಿಸಿ, ನಾನು ಕಿಟಕಿಗೆ ಮುಖ ಕೊಟ್ಟು ಕೂತೆ. ಗುಬ್ಬಿ ಬರುವ ತನಕ ಅವನು ತನ್ನ ಬೀಡಿ ಕೆಮ್ಮು ಕೆಮ್ಮಿದ, ನಾನು ನನ್ನದು ಕೆಮ್ಮಿದೆ. ಇಳಿಯುವಾಗ ಕಂಡಕ್ಟರು ಬಾಗಿಲಲ್ಲಿ ನಿಂತು ಮೆಲ್ಲಗೆ ಅಂದ:

"ನೋಡಣ್ಣ, ನಿನ್ ಟಿಕೆಟ್‌ನಾಗೆ ಒಂದು ಕ್ಯಾನ್ಸಲ್ ಆಯ್ತು."

ಒಂದ್ಸಲ ಕೆಮ್ಮಿ ನೋಡೋಣ

ನನ್ನ ರೂಮಿನ ಕೆಳಗೆ ಮನೆ ಓನರ್ ಅಮ್ಮ, ಅವರ ಯಜಮಾನರು ಇರುತ್ತಾರೆ. ಕೆಮ್ಮು ಶುರುವಾದಾಗಿನಿಂದ ಆ ಅಮ್ಮ ಮೆಟ್ಟಿಲ ಮೇಲೆ ಏನಾದರೊಂದು ತಂದು ಇಟ್ಟು ಹೋಗುತ್ತಿದ್ದರು. ಒಂದು ದಿನ ಮೆಣಸಿನ ಕಷಾಯ, ಒಂದು ದಿನ ದೊಡ್ಡಪತ್ರೆ ರಸ, ಒಂದು ದಿನ ವೀಳ್ಯದೆಲೆಯಲ್ಲಿ ಸುತ್ತಿದ ಏನೋ. ಏನು ಅಂತ ಕೇಳಿದರೆ, ತಿಂದ್ಮೇಲೆ ಹೇಳ್ತೀನಿ ಅನ್ನೋರು. ಮೇಲೆ ಹತ್ತಿ ಬರುತ್ತಿರಲಿಲ್ಲ. ಟಿ.ಬಿ. ಇರಬಹುದು ಅಂತ ಅವರ ಯಜಮಾನರಿಗೆ ಅನುಮಾನ. ನಾರ್ಮಲ್ ರಿಪೋರ್ಟು ಕೆಳಗೆ ತಂದು ತೋರಿಸಿದೆ. ಆಗ ಅವರ ಅನುಮಾನ ಲ್ಯಾಬಿನವರ ಮೇಲೆ ತಿರುಗಿತು.

ಒಂದು ಶನಿವಾರ ರಾತ್ರಿ, ಯಾವುದೋ ಡಾಕ್ಟರು ಕೊಟ್ಟಿದ್ದ ಸಿರಪ್ಪು ಕುಡಿದು ಮಲಗಿದವನಿಗೆ ಎಂದೂ ಇಲ್ಲದ ನಿದ್ದೆ ಹತ್ತಿತು. ಎಚ್ಚರವಾದದ್ದು ಬಾಗಿಲು ಒಡೆಯುವ ಸದ್ದಿಗೆ. ಭಾನುವಾರ ಮಧ್ಯಾಹ್ನ ಆಗಿಹೋಗಿತ್ತು. ತೆಗೆದರೆ ಹೊರಗೆ ಓನರ್ ಅಮ್ಮ, ಯಜಮಾನರು, ಎದುರುಮನೆ ಟೈಲರು, ಜೊತೆಗೆ ಚಿಲಕ ಒಡೆಯಲು ಸುತ್ತಿಗೆ ಹಿಡಿದುಕೊಂಡು ಬಂದಿದ್ದ ಗ್ರಿಲ್ ಅಂಗಡಿಯವನು. ಎಲ್ಲರೂ ನನ್ನನ್ನೇ ನೋಡುತ್ತಾ ನಿಂತರು. ಅಮ್ಮನ ಕಣ್ಣು ಕೆಂಪಗಾಗಿತ್ತು.

ಬೆಳಿಗ್ಗೆಯಿಂದ ಒಂದು ಸಲವೂ ಕೆಮ್ಮಿನ ಸದ್ದು ಬಂದಿಲ್ಲವಂತೆ. ಫೋನ್ ಮಾಡಿದರೆ ಎತ್ತಿಲ್ಲವಂತೆ. ಕುಣಿಗಲ್ಲಿಗೆ ಅಕ್ಕನಿಗೆ ಯಾವ ಬಾಯಲ್ಲಿ ಹೇಳೋದು ಅಂತ ಅಷ್ಟು ಹೊತ್ತಿಗೆ ಕೆಳಗೆ ಚರ್ಚೆ ಕೂಡ ಆಗಿತ್ತಂತೆ. ನಾನು ಇದ್ದೀನೋ ಇಲ್ಲವೋ ಅಂತ ಈ ಊರಿನಲ್ಲಿ ಒಬ್ಬರು ಕಿವಿಗೊಟ್ಟು ಕೇಳುತ್ತಿರುತ್ತಾರೆ ಅನ್ನುವುದು ನನಗೆ ಗೊತ್ತೇ ಇರಲಿಲ್ಲ. ನಾನು ಚೆನ್ನಾಗಿದೀನಮ್ಮ, ನಿದ್ದೆ ಬಂದಿತ್ತು ಅಷ್ಟೆ ಅಂದೆ. ಯಜಮಾನರಿಗೆ ನಂಬಿಕೆ ಬರಲಿಲ್ಲ. ನನ್ನನ್ನು ಮೇಲಿಂದ ಕೆಳಕ್ಕೆ ನೋಡಿ ಅಂದರು:

"ಎಲ್ಲಿ ಮೇಷ್ಟ್ರೇ, ಒಂದ್ಸಲ ಕೆಮ್ಮಿ ನೋಡೋಣ."

ಅವತ್ತು ಬರಲೇ ಇಲ್ಲ.

ಪಾರ್ಕಿಂಗ್

ಹೊಸದಾಗಿ ತುಮಕೂರಿಗೆ ಬಂದಿದ್ದ ಒಬ್ಬರು ಮಕ್ಕಳ ಡಾಕ್ಟರು ನನ್ನ ಹತ್ತಿರ ಕಲಿಯಲು ಸೇರಿದ್ದರು. ಚಿಕ್ಕ ವಯಸ್ಸಿನ ಹೆಣ್ಣುಮಗಳು, ಯಾವಾಗಲೂ ಮಾಸ್ಕು. ಎಲ್ಲ ಬರುತ್ತಿತ್ತು, ರಸ್ತೆ ಪಕ್ಕಕ್ಕೆ ಕಾರು ಹಾಕುವುದು ಮಾತ್ರ ಬರುತ್ತಿರಲಿಲ್ಲ. ಒಂದೋ ನಡುರಸ್ತೆಯಲ್ಲಿ ನಿಲ್ಲಿಸೋರು, ಇಲ್ಲ ಚರಂಡಿ ಕಡೆ ಹೋಗೋರು. ಅದಕ್ಕೇ ವಾಹನ ಕಡಿಮೆ ಇರುವ ಊರ್ಡಿಗೆರೆ ರಸ್ತೆಗೆ ಕರೆದುಕೊಂಡು ಹೋಗುತ್ತಿದ್ದೆ. ಅವರ ಮುಂದೆ ಅದುವರೆಗೆ ನನಗೆ ಕೆಮ್ಮು ಬಂದಿರಲಿಲ್ಲ. ಡಾಕ್ಟರನ್ನು ಕಂಡರೆ ಅದಕ್ಕೆ ಭಯ.

ಅವತ್ತು ಬಂತು. ದೊಡ್ಡದಾಗೇ ಬಂತು. ಡ್ಯಾಶ್‌ಬೋರ್ಡ್ ಹಿಡಿದುಕೊಂಡು ಕೆಮ್ಮಿದೆ, ಕೊನೆಗೆ ಉಸಿರು ಎಳೆದುಕೊಂಡಾಗ ಗಂಟಲಿನಿಂದ ಹೂಪ್ ಅಂತ ಒಂದು ವಿಚಿತ್ರ ಸದ್ದು ಹೊರಟಿತು. ಕಣ್ಣೊರೆಸಿಕೊಂಡು ನೋಡಿದರೆ ಕಾರು ನಿಂತಿದೆ. ಇಂಡಿಕೇಟರ್ ಹಾಕಿದ್ದಾರೆ, ಹ್ಯಾಂಡ್‌ಬ್ರೇಕ್ ಎಳೆದಿದ್ದಾರೆ, ರಸ್ತೆ ಅಂಚಿಗೆ ಗೆರೆ ಎಳೆದ ಹಾಗೆ ನಿಲ್ಲಿಸಿದ್ದಾರೆ. ನಾನು ಮೊದಲು ಆಡಿದ ಮಾತು, ಪಾರ್ಕಿಂಗ್ ಚೆನ್ನಾಗಾಯ್ತು ಮೇಡಂ.

ಅವರು ಅದನ್ನು ಕೇಳಿಸಿಕೊಳ್ಳಲಿಲ್ಲ. ಕಿಟಕಿಗಳನ್ನೆಲ್ಲ ಇಳಿಸಿ, ಎಷ್ಟು ದಿನದಿಂದ ಹೀಗೆ, ಕೆಮ್ಮಿದ ಮೇಲೆ ವಾಂತಿ ಆಗುತ್ತಾ, ಮಧ್ಯೆ ಪೂರ್ತಿ ಚೆನ್ನಾಗಿರ್ತೀರಾ ಅಂತೆಲ್ಲ ಕೇಳಿದರು. ಎಲ್ಲಕ್ಕೂ ಹೌದು ಅಂದೆ. ಇದು ನಾಯಿಕೆಮ್ಮು ಇರಬಹುದು ಸಾರ್ ಅಂದರು. ನಾನು, ಅದು ಮಕ್ಕಳಿಗೆ ಬರೋದಲ್ವಾ ಮೇಡಂ ಅಂದೆ.

"ದೊಡ್ಡೋರಿಗೂ ಬರುತ್ತೆ ಸಾರ್. ಚಿಕ್ಕಂದಿನಲ್ಲಿ ಹಾಕ್ಸಿದ ಲಸಿಕೆ ಕೊನೇತನಕ ಕಾಯಲ್ಲ. ದೊಡ್ಡೋರಲ್ಲಿ ಯಾರೂ ಹುಡ್ಕೋದಿಲ್ಲ, ಅಷ್ಟೆ. ನಿಮ್ಮ ಮನೇಲಿ ಎಳೇ ಮಕ್ಕಳಿದಾರಾ?"

ನನ್ನ ಮನೇಲಿ ಯಾರೂ ಇಲ್ಲ ಅಂದೆ. ಅಂದ ಮೇಲೆ ನೆನಪಾಯಿತು. ಅಕ್ಕನ ಮಗಳು ಬಾಣಂತನಕ್ಕೆ ಕುಣಿಗಲ್ಲಿಗೆ ಬಂದಿದ್ದಳು. ಹಿಂದಿನ ವಾರವಷ್ಟೇ ಕೂಸು ನೋಡೋಕೆ ಹೋಗಿದ್ದೆ. ಅಕ್ಕ ಕೂಸನ್ನು ನನ್ನ ತೊಡೆ ಮೇಲೆ ಮಲಗಿಸಬೇಕು ಅನ್ನುವಾಗ ಕೆಮ್ಮು ಬಂದು, ನಾನು ಎದ್ದು ಹೊರಗೆ ನಲ್ಲಿ ಹತ್ತಿರ ಓಡಿದ್ದೆ. ಆಮೇಲೆ ಮುಟ್ಟಲಿಲ್ಲ. ಆದರೆ ಅದೇ ಕೋಣೆಯಲ್ಲಿ ಕೂತು ಕಾಫಿ ಕುಡಿದು ಬಂದಿದ್ದೆ. ಇದು ಎಳೇ ಕೂಸಿಗೆ ಅಂಟಿದರೆ ಉಸಿರೇ ನಿಲ್ಲಬಹುದು ಅಂತ ಡಾಕ್ಟರಮ್ಮ ಮುಚ್ಚುಮರೆಯಿಲ್ಲದೆ ಹೇಳಿದರು. ಕೂಸು, ಬಾಣಂತಿ ಇಬ್ಬರನ್ನೂ ಇವತ್ತೇ ಅಲ್ಲಿನ ಮಕ್ಕಳ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಲು ಹೇಳಿ ಅಂದರು. ಅಲ್ಲಿಂದಲೇ ಅಕ್ಕನಿಗೆ ಫೋನ್ ಮಾಡಿದೆ.

ಅಕ್ಕ ಎಲ್ಲ ಕೇಳಿಸಿಕೊಂಡು, ಆಯ್ತು, ಈಗ್ಲೇ ಹೊರಡ್ತೀವಿ, ನೀನು ಹೊಟ್ಟೆಗೆ ತಿಂದ್ಯಾ ಅಂತ ಕೇಳಿದಳು.

ಆ ಸ್ಥಿತಿಯಲ್ಲಿ ನನಗೆ ಕಾರು ಮುಟ್ಟಲಾಗಲಿಲ್ಲ. ಡಾಕ್ಟರಮ್ಮನೇ ಊರ್ಡಿಗೆರೆ ರಸ್ತೆಯಿಂದ ಬಟವಾಡಿ ತನಕ, ಲಾರಿಗಳ ಮಧ್ಯೆ ಓಡಿಸಿಕೊಂಡು ಬಂದರು. ಅಂಗಡಿ ಮುಂದೆ ನಿಲ್ಲಿಸಿ, ಕೀ ನನ್ನ ಕೈಗೆ ಕೊಟ್ಟು, ಕೇಳಿದರು:

"ಸಾರ್, ಇನ್ನೂ ಹತ್ತು ಕ್ಲಾಸ್ ಇದೆ ಅಂದಿದ್ರಲ್ಲ, ಅದ್ರಲ್ಲಿ ಏನ್ ಹೇಳ್ಕೊಡ್ತೀರಿ?"

ಐವತ್ತೊಂದು

ಸಂಜೆ ಮಕ್ಕಳೆಲ್ಲ ಹೋದ ಮೇಲೆ ಅವರ ಕ್ಲಿನಿಕ್ಕಿಗೆ ಬರಲು ಹೇಳಿದ್ದರು. ಒಳಗೆ ಬರಬಾರದು, ಹಿಂದಿನ ಬಾಗಿಲ ಹತ್ತಿರ ಮಾಸ್ಕ್ ಹಾಕಿಕೊಂಡು ನಿಂತಿರಬೇಕು. ಹೋಗಿ ನಿಂತೆ. ಗೋಡೆ ತುಂಬಾ ಆನೆ, ಮೊಲ, ಬಲೂನು. ಮನಸ್ಸೆಲ್ಲ ಕುಣಿಗಲ್ಲಿನಲ್ಲಿ. ಒಳಗಿಂದ ನರ್ಸಮ್ಮ ಕಿಟಕಿಯಲ್ಲಿ ತಲೆ ಹಾಕದೇ ಹೆಸರು ಕೇಳಿದರು, ಹೇಳಿದೆ. ವಯಸ್ಸು ಕೇಳಿದರು.

"ಐವತ್ತೊಂದು."

"ತಿಂಗಳಾ?"

"ವರ್ಷ."

ಆಗ ತಲೆ ಹೊರಗೆ ಬಂತು. ನನ್ನ ಹಿಂದೆ ಮುಂದೆ ನೋಡಿ, ಮಗು ಎಲ್ಲಿ ಅಂದರು. ನಾನೇ ಅಂದೆ. ತಲೆ ಮತ್ತೆ ಒಳಗೆ ಹೋಯಿತು.

ಡಾಕ್ಟರಮ್ಮ ಮೂಗಿನಿಂದ ಸ್ಯಾಂಪಲ್ ತೆಗೆದರು, ದೊಡ್ಡವರ ಡಾಕ್ಟರೊಬ್ಬರ ಹತ್ತಿರ ಫೋನಿನಲ್ಲಿ ಮಾತಾಡಿ ಮಾತ್ರೆ ಬರೆದುಕೊಟ್ಟರು. ಮಾತ್ರೆ ಮುಗಿದರೆ ಇನ್ನೊಬ್ಬರಿಗೆ ಅಂಟುವುದು ನಿಲ್ಲುತ್ತೆ, ಆದರೆ ಕೆಮ್ಮು ತಿಂಗಳುಗಟ್ಟಲೆ ಇರಬಹುದು, ಅಲ್ಲಿವರೆಗೆ ರೂಮಿನಿಂದ ಆಚೆ ಬರಬೇಡಿ ಅಂದರು. ಕೆಮ್ಮು ನಿಲ್ಲೋವರೆಗಾ ಅಂತ ಹೆದರಿ ಕೇಳಿದೆ. ಅಲ್ಲ ಸಾರ್, ಮಾತ್ರೆ ಮುಗಿಯೋವರೆಗೆ ಅಂದರು. ನನ್ನ ಪಕ್ಕ ಕೂತಿದ್ದ ಕಲಿಯುವವರಿಗೆಲ್ಲ ಫೋನ್ ಮಾಡಿ ತಿಳಿಸಿದೆ. ಕೆಲವರು ಬೇಜಾರು ಮಾಡಿಕೊಂಡರು. ಹೆಡ್‌ಮೇಡಂ ಮಾತ್ರ, ಅಂದ್ರೆ ಅದೆಲ್ಲಾ ಕಾಯಿಲೆ ಕೆಮ್ಮೇನಾ, ಒಂದೂ ಪಾಠದ್ದಲ್ವಾ ಅಂತ ಕೇಳಿದರು.

ರಿಪೋರ್ಟು ಬಂದಾಗ ನಾಯಿಕೆಮ್ಮೇ ಅಂತ ಗೊತ್ತಾಯಿತು. ಓನರ್ ಅಮ್ಮನಿಗೆ ಮೆಟ್ಟಿಲ ಮೇಲಿಂದಲೇ ಕೂಗಿ ಹೇಳಿದೆ. ಅವರು ಕೇಳಿದ್ದು ಒಂದೇ ಮಾತು, ಯಾವ್ ನಾಯಿ. ನಾಯಿಗೂ ಇದಕ್ಕೂ ಸಂಬಂಧವಿಲ್ಲ ಅಂತ ಎಷ್ಟು ಹೇಳಿದರೂ ಬೀದಿಯಲ್ಲಿ ಸುದ್ದಿ ಬೇರೆ ದಾರಿ ಹಿಡಿಯಿತು. ಟೀ ಅಂಗಡಿ ಮುಂದೆ ಮಲಗುವ ಕಂದು ನಾಯಿಗೆ ನಾನು ಆಗಾಗ ಬಿಸ್ಕತ್ತು ಹಾಕುತ್ತಿದ್ದೆ. ಎಲ್ಲರಿಗೂ ಅದರ ಮೇಲೇ ಅನುಮಾನ. ಆ ವಾರವೆಲ್ಲ ನಾನು ಕಿಟಕಿಯಲ್ಲಿ ಕೂತು ನೋಡುತ್ತಿದ್ದೆ. ಜನ ನನ್ನ ರೂಮಿನ ಕಡೆ ನೋಡಿ ದೂರ ಸರಿಯೋರು, ನಾಯಿ ಕಡೆ ನೋಡಿ ಇನ್ನೂ ದೂರ ಸರಿಯೋರು. ಇಡೀ ಬೀದಿಯಲ್ಲಿ ನಾವಿಬ್ಬರೇ ಒಬ್ಬರನ್ನೊಬ್ಬರು ನೋಡಿಕೊಂಡು ಕೂತಿದ್ದೆವು. ಕೊನೆಗೆ ಟೀ ಅಂಗಡಿಯವನು ಬಂದು ಕೆಳಗಿಂದ ಕೂಗಿ ಕೇಳಿದ:

"ಮೇಷ್ಟ್ರೇ, ನಾಯಿ ಚೆನ್ನಾಗೈತೆ. ಅದಕ್ಕೂ ನಿಮ್ ಮಾತ್ರೆನೇ ಹಾಕ್ಬೇಕಾ?"

ತೊಟ್ಟಿಲು

ಕುಣಿಗಲ್ಲಿನಲ್ಲಿ ಕೂಸಿಗೂ ಬಾಣಂತಿಗೂ ಮುಂಜಾಗ್ರತೆಗೆ ಔಷಧಿ ಕೊಟ್ಟರು. ಅಕ್ಕ ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಫೋನ್ ಮಾಡುತ್ತಿದ್ದಳು. ಫೋನ್ ಬಂದರೆ ನಾನು ಮೊದಲು ಹಲೋ ಅನ್ನುತ್ತಿರಲಿಲ್ಲ, ಆ ಕಡೆ ಕೂಸಿನ ಸದ್ದು ಕೇಳುತ್ತಾ ಅಂತ ಕಿವಿಗೊಡುತ್ತಿದ್ದೆ. ಅಳು ಕೇಳಿದರೆ ಸಮಾಧಾನ. ಕೂಸು ಸೀನಿತು ಅಂತ ಅವಳು ಅಂದ ದಿನ ನನಗೆ ಅನ್ನ ಇಳಿಯಲಿಲ್ಲ. ಅದು ಬರೀ ಸೀನಾಗಿತ್ತು. ಕೂಸಿಗೆ ಏನೂ ಆಗಲಿಲ್ಲ.

ಆ ವಾರದ ಭಾನುವಾರವೇ ತೊಟ್ಟಿಲ ಶಾಸ್ತ್ರ ಅಂತ ಮೊದಲೇ ಗೊತ್ತಾಗಿತ್ತು. ಭಾವ ಇಲ್ಲ, ಅಜ್ಜನ ಜಾಗದಲ್ಲಿ ನಿಂತು ಕೂಸಿನ ಕಿವಿಯಲ್ಲಿ ಹೆಸರು ಹೇಳಬೇಕಾದವನು ನಾನು. ನನ್ನ ಮಾತ್ರೆ ಇನ್ನೂ ಮುಗಿದಿರಲಿಲ್ಲ. ಮುಗಿದಿದ್ದರೂ ಹೋಗುತ್ತಿರಲಿಲ್ಲ, ಅಷ್ಟು ಹೆದರಿದ್ದೆ. ಬೇರೆ ಯಾರಾದರೂ ಹೇಳಲಿ ಅಂದೆ. ಅಕ್ಕ ಒಪ್ಪಲಿಲ್ಲ.

"ನೀನೇ ಹೇಳ್ಬೇಕು ಕಣೋ. ಅಲ್ಲಿಂದ್ಲೇ ಫೋನ್‌ನಾಗೆ ಹೇಳು. ಕೂಸಿನ ಕಿವಿ ಹತ್ರ ಇಡ್ತೀವಿ."

ಸ್ನಾನ ಮಾಡಿ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ರೂಮಿನಲ್ಲಿ ಮಂಚದ ಮೇಲೆ ಒಬ್ಬನೇ ಕೂತೆ. ಕೆಳಗಿನಿಂದ ಓನರ್ ಅಮ್ಮ ಮೆಟ್ಟಿಲ ಮೇಲೆ ಒಂದು ಬಟ್ಟಲು ಪಾಯಸ ಇಟ್ಟು ಹೋಗಿದ್ದರು. ಫೋನಿನಲ್ಲಿ ಮನೆ ತುಂಬ ಜನ ಕಾಣುತ್ತಿದ್ದರು, ಹೂವು, ರೇಷ್ಮೆ ಸೀರೆ, ಓಡಾಡುವ ಮಕ್ಕಳು. ಅಕ್ಕನ ಮಗಳು ಬಂದು, ಮಾವ, ಕೃತಿಕಾ, ನೆನಪಿಟ್ಕೋ, ಮೂರ್ ಸಲ ಹೇಳ್ಬೇಕು ಅಂದಳು. ಬೆಳಿಗ್ಗೆಯಿಂದ ಅದನ್ನೇ ಬಾಯಿಪಾಠ ಮಾಡುತ್ತಿದ್ದೆ.

ಫೋನ್ ಹಿಡಿದುಕೊಂಡಿದ್ದು ಬೀಗರ ಕಡೆಯ ಹಿರಿಯಜ್ಜಿ, ಅಳಿಯನ ಅಜ್ಜಿ. ಆಕೆಗೆ ಕಿವಿ ಸ್ವಲ್ಪ ಮಂದ. ಹೆಸರು ಮೊದಲು ತಾನು ಕೇಳಿಸಿಕೊಂಡು ಆಮೇಲೆ ಎಲ್ಲರಿಗೂ ಕೂಗಿ ಹೇಳುವುದು ಆಕೆಯ ಹಕ್ಕು, ಅದನ್ನು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ತೊಟ್ಟಿಲಿಗೆ ಬಗ್ಗಿ ಒಂದು ಕಡೆ ಕೂಸಿನ ಕಿವಿ, ಒಂದು ಕಡೆ ತನ್ನ ಕಿವಿ ಇಟ್ಟು, ಹೇಳಪ್ಪ ಅಂದರು. ಮನೆಯೆಲ್ಲ ಸುಮ್ಮನಾಯಿತು.

ಬಾಯಿ ತೆರೆದೆ. ಕೃ ಅನ್ನುವಷ್ಟರಲ್ಲಿ ಕೆಮ್ಮು ಹಿಡಿದುಕೊಂಡಿತು. ಖೋ, ಖೋ, ಖೋ ಕ್. ಅದು ಹೆಸರಲ್ಲ ಅಂತ ಹೇಳೋಣ ಅಂತ, ಸಿಕ್ಕ ಉಸಿರಿನಲ್ಲಿ ಇಲ್ಲ, ಇಲ್ಲ ಅಂದೆ. ಮತ್ತೆ ಖೋ ಕ್. ಮತ್ತೆ ಇಲ್ಲ. ಮೂರನೇ ಸಲವೂ ಅದೇ. ಅಷ್ಟು ಹೊತ್ತಿಗೆ ಅಜ್ಜಿ ಬೆನ್ನು ನೆಟ್ಟಗೆ ಮಾಡಿ ನಿಂತು, ಮನೆಗೆಲ್ಲ ಕೇಳುವ ಹಾಗೆ ಹೇಳಿಬಿಟ್ಟರು:

"ಕೋಕಿಲ. ಮೂರ್ ಸಲಾನೂ ಚೆನ್ನಾಗ್ ಹೇಳ್ದ. ಕೋಕಿಲ ಅಂತೆ ಕಣ್ರೇ."

ಹೆಂಗಸರು ತೊಟ್ಟಿಲು ತೂಗಿ ಹಾಡು ಶುರು ಮಾಡಿದರು. ಅಕ್ಕನ ಮಗಳು ಆಚೆಯಿಂದ ಮಾವ, ಮಾವ ಅಂತ ಕೂಗುವುದು ಕೇಳುತ್ತಿತ್ತು. ನಾನು ತಿದ್ದೋಣ ಅಂತ ಬಾಯಿ ತೆರೆದಾಗಲೆಲ್ಲ ಕೆಮ್ಮು ಬರುತ್ತಿತ್ತು. ಕೆಮ್ಮು ಬಂದಾಗಲೆಲ್ಲ ಅಜ್ಜಿ, ಆಯ್ತಪ್ಪ, ಕೇಳಿಸ್ತು, ಎಷ್ಟ್ ಸಲ ಹೇಳ್ತೀಯ ಅನ್ನುತ್ತಿದ್ದರು. ಆ ಕಡೆ ಮನೆಯೆಲ್ಲ ನಗಲು ಶುರುವಾಯಿತು. ಇಲ್ಲಿ ನಾನೊಬ್ಬನೇ ಮಂಚದ ಮೇಲೆ ಕೂತು, ಕೆಮ್ಮುತ್ತಾ, ನಗುತ್ತಾ, ಕಣ್ಣಲ್ಲಿ ನೀರು ಯಾವುದಕ್ಕೆ ಬರುತ್ತಿದೆ ಅಂತ ಗೊತ್ತಾಗದೆ ಕೂತಿದ್ದೆ. ಬಹಳ ದಿನಗಳಾಗಿದ್ದವು, ಆ ರೂಮಿನಲ್ಲಿ ಅಷ್ಟು ಜನರ ನಗು ಕೇಳಿ.

ಕೆಮ್ಮು ಪೂರ್ತಿ ಹೋಗುವುದಕ್ಕೆ ಡಾಕ್ಟರಮ್ಮ ಹೇಳಿದ ಹಾಗೆ ತಿಂಗಳುಗಳೇ ಹಿಡಿದವು. ಒಂದು ಸಲವೂ ಬಾರದೆ ವಾರಗಳು ಕಳೆದ ಮೇಲೆ ಕುಣಿಗಲ್ಲಿಗೆ ಹೋದೆ. ಕೂಸು ಆಗಲೇ ದಿಂಬು ಒರಗಿಕೊಂಡು ಕೂರುತ್ತಿತ್ತು. ಅಕ್ಕ ತಂದು ನನ್ನ ತೊಡೆ ಮೇಲೆ ಕೂರಿಸಿದಳು. ಬಿಸಿ ಮೈ, ಹಾಲಿನ ವಾಸನೆ.

ಅಕ್ಕನ ಮಗಳಿಗೆ ಮಾತ್ರ ನನ್ನ ಮೇಲಿನ ಸಿಟ್ಟು ಇಳಿದಿರಲಿಲ್ಲ.

"ಸರ್ಟಿಫಿಕೇಟ್‌ನಲ್ಲಿ ಕೃತಿಕಾ ಅಂತ ಬರ್ಸಿದೀನಿ ಮಾವ. ಏನ್ ಪ್ರಯೋಜನ, ಕೃತಿಕಾ ಅಂತ ಕೂಗಿದ್ರೆ ಇವ್ಳು ತಿರುಗೇ ನೋಡಲ್ಲ. ಕೋಕಿಲ ಅಂದ್ರೆ ನೋಡ್ತಾಳೆ. ಬೀದೀಲಿ ಯಾರಾದ್ರೂ ಕೆಮ್ಮಿದ್ರೂ ನೋಡ್ತಾಳೆ."